ಹುಬ್ಬಳ್ಳಿಯ ಮೈಕ್ರೋಸ್ಕೋಪ್ ರಿಪೇರಿ ಅಂಗಡಿ: ಐದಕ್ಕೆ ನಾಲ್ಕೂವರೆ

ದುರ್ಗದ ಬೈಲಿನ ಹತ್ತಿರ ಒಂದು ಗಲ್ಲಿಯ ಮಹಡಿ ಮೇಲಿದೆ ಈ ಅಂಗಡಿ. ಧಾರವಾಡದಿಂದ ನಮ್ಮ ಲ್ಯಾಬಿನ ಹಳೇ ಮೈಕ್ರೋಸ್ಕೋಪ್ ಹೊತ್ತುಕೊಂಡು ಹೋಗಿದ್ದೆ.

ನನ್ನ ಕೆಲಸ ಮೈಕ್ರೋಸ್ಕೋಪಿನಲ್ಲಿ ಗೀರು ಎಣಿಸೋದು. ಯುರೇನಿಯಂ, ಥೋರಿಯಂ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿಗೆ ಜೋರು ಗಾಮಾ ಕಿರಣ ಬಿದ್ದರೆ ಅದು ಎರಡು ಹೋಳಾಗುತ್ತದೆ. ಪಕ್ಕದಲ್ಲೇ ಲೆಕ್ಸಾನ್ ಪ್ಲಾಸ್ಟಿಕ್ ಹಾಳೆ ಇಟ್ಟಿರುತ್ತೇವೆ. ಸಿಡಿದ ಹೋಳು ಅದರೊಳಗೆ ನುಗ್ಗಿ ಗಾಯ ಮಾಡುತ್ತದೆ. ಹಾಳೆಯನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿಟ್ಟರೆ ಆ ಗಾಯ ಅಗಲವಾಗಿ ಗೀರಿನಂತೆ ಕಾಣುತ್ತದೆ. ಉದ್ದ ಅಬ್ಬಬ್ಬಾ ಅಂದರೆ 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಪಾಲು. ಗಾಮಾ ಕಿರಣ ತಾನಾಗಿ ಗೀರು ಬಿಡೋದಿಲ್ಲ.

ಗಾಮಾ ಕಿರಣ ಹುಟ್ಟಿಸಲು ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಎಂಬ ಯಂತ್ರ ಇದೆ; ಅದು ಎಲೆಕ್ಟ್ರಾನುಗಳಿಗೆ 80 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಶಕ್ತಿ ಕೊಡುತ್ತದೆ. ಆ ಎಲೆಕ್ಟ್ರಾನುಗಳು ಭಾರದ ಲೋಹಕ್ಕೆ ಬಡಿದಾಗ ಗಾಮಾ ಫೋಟಾನುಗಳು, ಅಂದರೆ ಗಾಮಾ ಕಿರಣದ ಕಣಗಳು, ಹೊರಡುತ್ತವೆ. ಫೋಟಾನಿನ ಶಕ್ತಿ ಸುಮಾರು 60 ಲಕ್ಷಕ್ಕಿಂತ ಕೆಳಗಿಳಿದರೆ ನ್ಯೂಕ್ಲಿಯಸ್ ಒಡೆಯೋದೇ ಅಪರೂಪ. ನಮಗೆ ಬೇಕಾಗಿರೋದು ಅದೇ ಜಾಗ, ಅಲ್ವಾ! ಆದರೆ ಅಲ್ಲಿ ಗೀರು ಕಡಿಮೆ, ಎಣಿಕೆಯ ಅನಿಶ್ಚಿತತೆ ಅದರ ವರ್ಗಮೂಲದಷ್ಟು: 400 ಗೀರು ಸಿಕ್ಕರೆ 20 ಆಚೀಚೆ, ಅಂದರೆ ನೂರಕ್ಕೆ 5. ಬರೀ 25 ಸಿಕ್ಕರೆ 5 ಆಚೀಚೆ, ನೂರಕ್ಕೆ 20. ಅದರ ಮೇಲೆ ಒಂದು ಗೀರು ಎರಡು ಸಲ ಎಣಿಕೆಗೆ ಬಂದರೆ ಗತಿ ಏನು?

ನಮ್ಮ ಮೈಕ್ರೋಸ್ಕೋಪಿನಲ್ಲಿ ಹಾಗೇ ಆಗುತ್ತಿತ್ತು. ಹಾಳೆ ಇಡುವ ಸ್ಟೇಜಿನ ತಿರುಪು ಸಡಿಲ, ಸಣ್ಣ ಫೋಕಸ್ ತಾನೇ ಜಾರುತ್ತಿತ್ತು. ಅಂಗಡಿಯ ಕಾಕಾ ಬಿಚ್ಚಿ ನೋಡಿದರು. "ಹಲ್ಲು ಸವದಿಲ್ರಿ ಅಕ್ಕಾರ, ಗ್ರೀಸ್ ಗಟ್ಟಿ ಆಗೇತಿ" ಅಂದರು. ಹಳೇ ಗ್ರೀಸನ್ನು ಪೂರ್ತಿ ತೊಳೆದು, ತೆಳು ಗ್ರೀಸ್ ಹಚ್ಚಿ, ಸ್ಕ್ರೂ ಬಿಗಿ ಮಾಡಿದರು. ಆಮೇಲೆ ಮಾಡಿದ್ದು ನನಗೆ ತುಂಬಾ ಹಿಡಿಸಿತು. ನನ್ನ ಹಾಳೆಯನ್ನೇ ಸ್ಟೇಜಿನ ಮೇಲಿಡಿಸಿ, ಒಂದು ಗೀರನ್ನು ಕಣ್ಣಿಡುವ ಲೆನ್ಸಿನಲ್ಲಿ ಕಾಣುವ ಅಡ್ಡಗೆರೆಗಳ ನಡುವೆ ತಂದರು. ಸ್ಟೇಜನ್ನು ದೂರ ಸರಿಸಿ, ಸ್ಕೇಲಿನ ಅದೇ ಅಂಕಿಗೆ ವಾಪಸ್ ತಂದರು. ಗೀರು ಅಲ್ಲೇ ಇತ್ತು. ನಾಲ್ಕೂ ಮೂಲೆಗಳಲ್ಲಿ ಹೀಗೇ ನೋಡಿ ಆದ ಮೇಲೇ ಬಿಲ್ ಬರೆದರು. ಇಷ್ಟು ನಿಗಾ ಕೊಡುವವರು ಸಿಗೋದು ಕಷ್ಟ.

ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಫೋನಿಗೆ. ಎತ್ತೋದೇ ಇಲ್ಲ. ಸುಮ್ನೆ ಬೆಳಿಗ್ಗೆ ನೇರವಾಗಿ ಹೋಗಿಬಿಡಿ. ಮೆಟ್ಟಿಲು ಕಿರಿದು, ಭಾರದ ಪೆಟ್ಟಿಗೆ ಇದ್ದರೆ ಜೊತೆಗೆ ಒಬ್ಬರಿರಲಿ. ಲೆನ್ಸ್ ಮಬ್ಬಾಗಿದ್ದರೆ ಅದನ್ನೂ ಆಗಲೇ ಹೇಳಿ. ಕಾಸ್ಟಿಕ್ ಸೋಡಾ ಕಾಯಿಸುವ ಕೋಣೆಯಲ್ಲಿ ಮೈಕ್ರೋಸ್ಕೋಪ್ ಇಟ್ಟಿದ್ದರೆ ಕಾಕಾ ಬೈಯದೇ ಬಿಡೋದಿಲ್ಲ.