ಹೊಗೆ ಬಿಡುವ ಏರ್ ರೈಫಲ್ ಕೊಳ್ಳುವ ಮುಂಚೆ ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಏರ್ ರೈಫಲ್ ಕೊಳ್ಳಬೇಕು ಅಂತ ಯಾರಾದರೂ ಹೊರಟಿದ್ದರೆ ಮೊದಲು ಇದನ್ನು ಓದಿ, ಆಮೇಲೆ ಹೋಗಿ. ನಾನು ಹಣ ಕಳೆದುಕೊಂಡೆ. ಒಳ್ಳೆಯ ಸ್ಕೋಪ್ ಒಂದು ಹಾಳಾಯಿತು. ಸ್ವಲ್ಪದರಲ್ಲಿ ಹೆಬ್ಬೆರಳೂ ಹೋಗುತ್ತಿತ್ತು. ಇಷ್ಟಕ್ಕೂ ಕಾರಣ ನನ್ನ ಒಂದು ತಪ್ಪು ನಂಬಿಕೆ. ಜೋರಾಗಿ ಸದ್ದು ಮಾಡುವ, ಹೊಗೆ ಬಿಡುವ ಗನ್ನಿಗೆ ಪವರ್ ಜಾಸ್ತಿ ಅಂತ ನಾನು ಅಂದುಕೊಂಡಿದ್ದೆ.

ನಾನು ಅಲ್ಲಿಯವರೆಗೆ 10 ಮೀಟರ್ ಏರ್ ಪಿಸ್ತೂಲು ಮಾತ್ರ ಹೊಡೆಯುತ್ತಿದ್ದೆ. ಒಳಗಿನ ಸ್ಪ್ರಿಂಗಿನ ಬಲದಿಂದ ಗಾಳಿ ಅದುಮಿ ಹೊಡೆಯುವ ಸ್ಪ್ರಿಂಗ್ ರೈಫಲ್ ನನಗೆ ಹೊಸದು. ಮಾರುತ್ತಿದ್ದವರ ಹತ್ತಿರ ಇದ್ದದ್ದು ಬ್ಯಾರಲ್ ಕೆಳಗೆ ಮಡಚಿ ಕಾಕ್ ಮಾಡುವ, ಅಂದರೆ ಸ್ಪ್ರಿಂಗ್ ಅದುಮಿ ಹೊಡೆಯಲು ಸಿದ್ಧ ಮಾಡುವ, 4.5 ಮಿ.ಮೀ. ರೈಫಲ್. ಮರದ ಸ್ಟಾಕ್ (ಗನ್ ಕೂರಿಸುವ ಹಿಡಿ) ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. "ಇದು ಮಾಮೂಲಿ ಗನ್ ಅಲ್ಲ ಸರ್, ಟ್ಯೂನ್ ಮಾಡಿಸಿದ್ದು. ಪವರ್ ನೀವೇ ನೋಡಿ" ಅಂತ ಒಂದು ತಗಡಿನ ಡಬ್ಬಿ ಇಟ್ಟು ಹೊಡೆದರು. ಚಟಾರ್ ಅಂತ ಕಿವಿಗೆ ಬಡಿಯುವ ಸದ್ದು. ಡಬ್ಬಿಯ ಎರಡೂ ಕಡೆ ತೂತು. ಬ್ಯಾರಲ್ ಮಡಚಿದರೆ ಒಳಗಿಂದ ತೆಳ್ಳಗೆ ನೀಲಿ ಹೊಗೆ, ಜೊತೆಗೆ ಸುಟ್ಟ ಎಣ್ಣೆಯ ವಾಸನೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಮೂರು ಗುಂಡು ಹೊಡೆದು ತೋರಿಸಿದರು. ಒಂದು ಸೆಕೆಂಡಿಗೆ 350 ಮೀಟರ್ ದಾಟಿತು. "ಶಬ್ದದ ವೇಗಕ್ಕಿಂತ ಜಾಸ್ತಿ ಸರ್" ಅಂದರು. ಅದೇನೋ ನಿಜ, ಶಬ್ದದ ವೇಗ ಸುಮಾರು 343. ನಾನು ಅಲ್ಲೇ ಹಣ ಎಣಿಸಿ ಕೊಟ್ಟು ಗನ್ ತಂದೆ.

ಅವರು ಹೊಡೆದ ಪೆಲೆಟ್, ಅಂದರೆ ಏರ್ ಗನ್ನಿನ ಗುಂಡು, ಬೆಳ್ಳಗೆ ಹೊಳೆಯುತ್ತಿತ್ತು, ಕೈಗೆ ಹಗುರ ಅನ್ನಿಸಿತು. ಸೀಸದ್ದಲ್ಲ, ಹಗುರ ಲೋಹದ್ದು. ಅದನ್ನು ಯಾಕೆ ಬಳಸಿದರು ಅಂತ ಆಗಲೇ ಕೇಳಬೇಕಿತ್ತು.

ಮಾರನೇ ದಿನ ನನ್ನ ಸ್ಕೋಪ್ ಕೂರಿಸಿ, ನನ್ನ ಹತ್ತಿರ ಇದ್ದ ಸುಮಾರು ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ ಹಾಕಿ ಕಾಗದದ ಮೇಲೆ ಹೊಡೆದೆ. 10 ಮೀಟರಿನಿಂದ ಅಂಗೈ ಅಗಲ ಚೆಲ್ಲಾಪಿಲ್ಲಿ! ಸ್ಕೋಪ್ ಸರಿ ಇಲ್ಲ ಅಂದುಕೊಂಡು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸಿದೆ. ಒಂದು ಗುಂಡು ಸರಿಯಾಗಿ ಬಿತ್ತು ಅನ್ನುವಷ್ಟರಲ್ಲಿ ಮುಂದಿನದು ಇನ್ನೆಲ್ಲೋ. ನನ್ನ ಹಿಡಿತದ್ದೇ ತಪ್ಪು ಅಂತ ಒಂದು ವಾರ ನನ್ನನ್ನೇ ಬೈದುಕೊಂಡೆ. ಸ್ಪ್ರಿಂಗ್ ಗನ್ನನ್ನು ಗಟ್ಟಿಯಾಗಿ ಹಿಡಿಯಬಾರದು, ಬಿಚ್ಚಿದ ಅಂಗೈ ಮೇಲೆ ಸುಮ್ನೆ ಮಲಗಿಸಿ ಪ್ರತಿ ಸಲ ಅದೇ ಜಾಗದಲ್ಲಿ ಇಟ್ಟು ಹೊಡೆಯಬೇಕು ಅನ್ನುತ್ತಾರೆ. ಆ ಮಾತು ಸರಿಯೇ, ಹಾಗೂ ಮಾಡಿ ನೋಡಿದೆ. ಏನೂ ಬದಲಾಗಲಿಲ್ಲ.

ಕೊನೆಗೆ ಗೆಳೆಯನ ಕ್ರೋನೋಗ್ರಾಫ್ ತಂದು ಅಳೆದೆ. ಸೆಕೆಂಡಿಗೆ 241, 288, 219, 263 ಮೀಟರ್. ಒಂದೇ ಡಬ್ಬಿಯ ಪೆಲೆಟ್, ಒಂದೇ ಕೈ. ಒಳ್ಳೆಯ ಸ್ಪ್ರಿಂಗ್ ಗನ್ನಲ್ಲಿ ಈ ವ್ಯತ್ಯಾಸ ನಾಲ್ಕೈದು ಮೀಟರಿನೊಳಗೆ ಇರಬೇಕು, ಇಲ್ಲಿ ಹತ್ತಿರ ಹತ್ತಿರ 70. ಎರಡು ಗುಂಡಿನ ನಡುವೆ ಇಷ್ಟು ಅಂತರ ಇದ್ದರೆ ಎಷ್ಟೇ ಒಳ್ಳೆಯ ಕೈ ಇದ್ದರೂ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುವುದಿಲ್ಲ. ಇನ್ನೂ ಹೊಡೆಯುತ್ತಾ ಹೋದೆ. ಹೊಗೆ ಕಡಿಮೆಯಾಯಿತು, ಸದ್ದು ಕಡಿಮೆಯಾಯಿತು, ಅಂಕಿ ಇಳಿಯಿತು. 190, 171, ಆಮೇಲೆ 160ರ ಆಸುಪಾಸು. ಅಷ್ಟು ಹೊತ್ತಿಗೆ ಸ್ಕೋಪಿನೊಳಗಿನ ಗುರಿ ಹಿಡಿಯುವ ಕೂಡುಗೆರೆ ಓರೆಯಾಗಿತ್ತು. ಬಿಚ್ಚಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಅನ್ನುತ್ತಿತ್ತು.

ಇದಾದ ಮೇಲೂ ನಾನು ಆ ಗನ್ ಕೆಳಗಿಡಲಿಲ್ಲ. ಅದು ನಾನು ಮಾಡಿದ ದೊಡ್ಡ ತಪ್ಪು. ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ.

ಬ್ಯಾರಲ್ ಪೂರ್ತಿ ಮಡಚಿದ್ದೆ. ಹಿಂಬದಿಯನ್ನು ತೊಡೆಗೆ ಒತ್ತಿ, ಎಡಗೈಯಲ್ಲಿ ಬ್ಯಾರಲ್ಲಿನ ತುದಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಪೆಲೆಟ್ ಒತ್ತುತ್ತಿದ್ದೆ. ಟ್ರಿಗರ್ ಮುಟ್ಟಿರಲೇ ಇಲ್ಲ. ಠಕ್ ಅಂತ ಒಳಗೆ ಏನೋ ಜಾರಿದ ಸದ್ದು. ಬ್ಯಾರಲ್ ಒಮ್ಮೆಲೇ ಮೇಲಕ್ಕೆ ಎಳೆಯಿತು. ಎಡಗೈ ಬಿಗಿಯಾಗಿ ಹಿಡಿದಿದ್ದರಿಂದ ಮೊಣಕೈವರೆಗೆ ಜುಮ್ ಅಂದಿತು ಅಷ್ಟೇ, ಅದು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಹೆಬ್ಬೆರಳನ್ನು ಈಚೆ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬಾವಿಯಿಂದ ತುಂಬಿದ ಕೊಡ ಇಳಿಬಿಡುವ ಹಾಗೆ ಮೆಲ್ಲಗೆ ಮುಚ್ಚಲು ಬಿಟ್ಟೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತೆ. ಕೈ ನಡುಗುತ್ತಿತ್ತು. ಮಡಚಿದ ಬ್ಯಾರಲ್ಲನ್ನು ಒಂದು ಕೈಯಲ್ಲಿ ಹಿಡಿದೇ ಪೆಲೆಟ್ ಹಾಕಬೇಕು ಅಂತ ಹಿರಿಯರೊಬ್ಬರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಆ ಒಂದು ಅಭ್ಯಾಸ ಇಲ್ಲದಿದ್ದರೆ ಬ್ಯಾರಲ್ಲಿಗೂ ಅದರ ಹಿಂದಿನ ಚೇಂಬರಿಗೂ (ಗಾಳಿ ಅದುಮುವ ಕೊಳವೆ) ನಡುವೆ ನನ್ನ ಹೆಬ್ಬೆರಳು ಸಿಕ್ಕಿಕೊಳ್ಳುತ್ತಿತ್ತು.

ಅದೇ ಹಿರಿಯರ ಹತ್ತಿರ ಗನ್ ತೆಗೆದುಕೊಂಡು ಹೋದೆ. ಅವರು ಮೊದಲು ನೋಡಿದ್ದು ಸ್ಕ್ರೂಗಳನ್ನು. "ಏನಪ್ಪಾ, ಈ ಸ್ಕ್ರೂ ತಲೆಗಳನ್ನು ಇಲಿ ಕಡಿದಿದೆಯಾ? ಇದನ್ನು ಯಾರೋ ಸರಿಯಾದ ಸಾಮಾನಿಲ್ಲದೆ ಬಿಚ್ಚಿದ್ದಾರೆ" ಅಂದರು. ಸ್ಟಾಕ್ ತೆಗೆದು, ಸ್ಪ್ರಿಂಗ್ ಇರುವ ಕೊಳವೆಯನ್ನು ಸ್ಪ್ರಿಂಗ್ ಕಂಪ್ರೆಸರಿನಲ್ಲಿ (ಸ್ಪ್ರಿಂಗನ್ನು ಅದುಮಿ ಹಿಡಿದು ಮೆಲ್ಲಗೆ ಸಡಿಲಿಸುವ ಸಾಧನ) ಬಿಗಿದು, ಹಿಂಬದಿಯ ಪಿನ್ ತೆಗೆದು, ಒಂದೊಂದೇ ಸುತ್ತು ಸಡಿಲಿಸುತ್ತಾ ಹೋದರು. ಹಿಂದಿನ ಮುಚ್ಚಳ ಮೆಲ್ಲಗೆ ಈಚೆ ಬರುತ್ತಾ ಬರುತ್ತಾ ತುಂಬಾ ದೂರ ಬಂತು. ಅಷ್ಟು ಉದ್ದದ ಒತ್ತಡ ಒಳಗೆ ಅದುಮಿಕೊಂಡು ಕೂತಿತ್ತು. ಕಂಪ್ರೆಸರ್ ಇಲ್ಲದೆ ಮನೆಯಲ್ಲಿ ಆ ಪಿನ್ ತೆಗೆದವರ ಮುಖಕ್ಕೆ ಅದು ಹೇಗೆ ಹಾರುತ್ತದೆ ಅಂತ ಯೋಚಿಸಿ.

ಒಳಗಡೆ ನೋಡಿದರೆ ಸ್ಪ್ರಿಂಗ್ ಮೂರು ತುಂಡು. ಮೂಲ ಸ್ಪ್ರಿಂಗ್ ಅಲ್ಲ, ಅದಕ್ಕಿಂತ ಉದ್ದದ್ದು, ಗಟ್ಟಿಯದ್ದು ತುರುಕಿದ್ದರು. ಗಾಳಿ ಸೋರದ ಹಾಗೆ ತಡೆಯುವ ಪಿಸ್ಟನ್ನಿನ ಸೀಲ್ ಅಂಚು ಕಂದು ಬಣ್ಣಕ್ಕೆ ತಿರುಗಿ, ಒಂದು ಕಡೆ ಕರಗಿ, ಇನ್ನೊಂದು ಕಡೆ ಚೂರು ಎದ್ದಿತ್ತು. ಪಿಸ್ಟನ್ನಿನ ಮುಂಭಾಗ ಪೂರಾ ಕರ್ರಗೆ. ಮೂಗಿನ ಹತ್ತಿರ ಹಿಡಿದರೆ ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಎಣ್ಣೆಯ ವಾಸನೆ. ಟ್ರಿಗರ್ ಹಗುರ ಮಾಡಲು ಪಿಸ್ಟನ್ ಹಿಡಿದಿಡುವ ಕೊಕ್ಕೆಯ ಅಂಚನ್ನು ಅರ ಹಾಕಿ ತಿಕ್ಕಿದ್ದರು, ಉಗುರಿನ ಅಂಚಿನಷ್ಟು ಮಾತ್ರ ಹಿಡಿತ ಉಳಿದಿತ್ತು. ಟ್ಯೂನಿಂಗ್ ಅಂದರೆ ಇದು.

ನಡೆದದ್ದು ಏನು ಅಂದರೆ, ಸ್ಪ್ರಿಂಗ್ ಗನ್ನಲ್ಲಿ ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಅದುಮುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆ ಗಾಳಿ ನೂರಾರು ಡಿಗ್ರಿ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ, ಅದುಮಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ ಅಲ್ವಾ, ಇಲ್ಲೂ ಅದೇ. ಚೇಂಬರಿನೊಳಗೆ ಎಣ್ಣೆ ಇದ್ದರೆ ಅದು ಉರಿದು ಪೆಲೆಟ್ಟನ್ನು ಇನ್ನೂ ಜೋರಾಗಿ ತಳ್ಳುತ್ತದೆ. ಇದಕ್ಕೆ ಡೀಸಲಿಂಗ್ ಅಂತಲೇ ಹೆಸರು. ಎಣ್ಣೆ ಜಾಸ್ತಿಯಾದರೆ ಉರಿಯುವುದಿಲ್ಲ, ಸಿಡಿಯುತ್ತದೆ. ಆಗ ಬರುವುದೇ ಆ ಚಟಾರ್ ಸದ್ದು. ಸಿಡಿತ ಪೆಲೆಟ್ಟನ್ನು ಮುಂದೆ ತಳ್ಳುವ ಜೊತೆಗೆ ಪಿಸ್ಟನ್ನನ್ನೂ ಹಿಂದಕ್ಕೆ ಒದೆಯುತ್ತದೆ. ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಒಂದೊಂದು ಗುಂಡಿಗೆ ಒಂದೊಂದು ಪ್ರಮಾಣದ ಎಣ್ಣೆ ಉರಿಯುವುದರಿಂದ ವೇಗ ಕುಣಿಯುತ್ತದೆ, ಎಣ್ಣೆ ಮುಗಿದ ಮೇಲೆ ಹಾಳಾದ ಗನ್ನಿನ ನಿಜವಾದ ವೇಗ ಈಚೆ ಬರುತ್ತದೆ. ಅವರು ನಾನು ಬರುವ ಮುಂಚೆ ಎಣ್ಣೆ ಹೊಡೆದಿಟ್ಟು, ಹಗುರ ಪೆಲೆಟ್ ಹಾಕಿ ತೋರಿಸಿದ್ದರು. ಹಗುರ ಪೆಲೆಟ್ ಸುಮ್ನೆ ಹಾಕಿದರೂ ಅಂಕಿ ಮೇಲಕ್ಕೆ ಹೋಗುತ್ತದೆ, ಇನ್ನು ಎಣ್ಣೆಯೂ ಸೇರಿದರೆ ಕೇಳಬೇಕೇ. ಆದರೆ ನಡು ಸಣ್ಣದಿರುವ, ಹಿಂದೆ ಲಂಗದ ಹಾಗೆ ಅಗಲವಾಗುವ ಈ ಪೆಲೆಟ್ ಆಕಾರ ಶಬ್ದದ ವೇಗದ ಹತ್ತಿರ ಬಂದರೆ ನೆಟ್ಟಗೆ ಹಾರುವುದಿಲ್ಲ.

ಸ್ಕೋಪ್ ಹೋದದ್ದಕ್ಕೂ ಕಾರಣ ಇದೆ. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಮುಂದೆ ಹೋಗಿ ನಿಲ್ಲುವಾಗ ಮುಂದಕ್ಕೆ ಜಗ್ಗುತ್ತದೆ. ಹಿಂದಕ್ಕೆ ಮಾತ್ರ ಒದೆಯುವ ಬಂದೂಕಿಗೆ ಮಾಡಿದ ಸ್ಕೋಪ್ ಎಷ್ಟೇ ದುಬಾರಿಯಾದರೂ ಈ ಎರಡು ಕಡೆಯ ಹೊಡೆತ ತಡೆಯದೇ ಹೋಗಬಹುದು. ನನ್ನದು ಅಂಥದ್ದು, ಮೇಲಿಂದ ಈ ಸಿಡಿತ ಬೇರೆ. ಸ್ಪ್ರಿಂಗ್ ಏರ್‌ಗನ್ನಿಗೆ ಅಂತಲೇ ಮಾಡಿದ್ದಾ ಅಂತ ಕೇಳಿಯೇ ಸ್ಕೋಪ್ ತೆಗೆದುಕೊಳ್ಳಿ.

ಪವರ್ ಹುಚ್ಚು ಇರುವವರಿಗೆ ಒಂದು ಮಾತು. 10 ಮೀಟರ್ ಏರ್ ರೈಫಲ್ 1984ರಿಂದ ಒಲಿಂಪಿಕ್ಸಿನಲ್ಲಿದೆ. ಆ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ. ಅಗಲ, ಪೆಲೆಟ್ಟಿಗಿಂತ ಚಿಕ್ಕದು. ಅದಕ್ಕೆ ಹೊಡೆಯುವ ಗನ್ನುಗಳ ವೇಗ ಸೆಕೆಂಡಿಗೆ ಸುಮಾರು 170ರಿಂದ 175 ಮೀಟರ್ ಅಷ್ಟೇ. ಅವುಗಳಲ್ಲಿ ಪ್ರತಿ ಗುಂಡೂ ಹಿಂದಿನ ಗುಂಡಿನ ಹಾಗೇ ಹೋಗುತ್ತದೆ, ನಾವು ಟ್ಯೂನಿಂಗಿನಲ್ಲಿ ಹುಡುಕಬೇಕಾದದ್ದೂ ಅದನ್ನೇ. ಸರಿಯಾದ ಅಳತೆಯ ಸ್ಪ್ರಿಂಗ್, ಬಿಗಿಯಾಗಿ ಕೂರುವ ಸೀಲ್, ಸ್ಪ್ರಿಂಗಿಗೆ ತೆಳ್ಳಗೆ ಅಂಟು ಗ್ರೀಸ್, ಉಜ್ಜುವ ಜಾಗಕ್ಕೆ ಸ್ವಲ್ಪ ಮಾಲಿ ಪೇಸ್ಟ್ (ಘರ್ಷಣೆ ತಗ್ಗಿಸುವ ಮಾಲಿಬ್ಡಿನಮ್ ಪೇಸ್ಟ್), ಬಿಗಿಯಾದ ಸ್ಟಾಕ್ ಸ್ಕ್ರೂ. ಚೇಂಬರಿನೊಳಗೆ ಎಣ್ಣೆ ಬೇಡವೇ ಬೇಡ.

ನೋಡಲು ಹೋದಾಗ ನಿಮ್ಮದೇ ಸೀಸದ ಪೆಲೆಟ್ ತೆಗೆದುಕೊಂಡು ಹೋಗಿ. ಮೂರು ಗುಂಡಿಗೆ ಒಪ್ಪಬೇಡಿ, ಮೂವತ್ತು ನಲವತ್ತು ಹೊಡೆಯಲು ಬಿಡಿ ಅಂತ ಕೇಳಿ. ಬಿಡುವುದಿಲ್ಲ ಅಂದರೆ ವಾಪಸ್ ಬನ್ನಿ. ವೇಗ ಕುಣಿಯುತ್ತಿದ್ದರೆ, ಹೊಡೆಯುತ್ತಾ ಇಳಿಯುತ್ತಿದ್ದರೆ ಒಳಗೆ ಎಣ್ಣೆ ಇರಬಹುದು. ಹೊಚ್ಚ ಹೊಸ ಗನ್ನಲ್ಲಿ ಫ್ಯಾಕ್ಟರಿ ಎಣ್ಣೆಯಿಂದ ಮೊದಮೊದಲು ಸ್ವಲ್ಪ ಹೊಗೆ ಬರುವುದು ಮಾಮೂಲಿ, ಅದಕ್ಕೆ ಹೆದರಬೇಡಿ. ಹಳೆಯ ಗನ್ನಲ್ಲಿ ದಟ್ಟ ಹೊಗೆ ಬಂದರೆ ಯಾಕೆ ಅಂತ ಕೇಳಿ. ಕಾಕ್ ಮಾಡುವಾಗ ಕರಕರ ಅನ್ನಿಸಿದರೆ ಸ್ಪ್ರಿಂಗ್ ಮುರಿದಿರಬಹುದು, ಮುರಿದ ಸ್ಪ್ರಿಂಗಿನಲ್ಲೂ ಗನ್ ಹೊಡೆಯುತ್ತಲೇ ಇರುತ್ತದೆ. ಬ್ಯಾರಲ್ ಕೂಡುವ ಜಾಗದ ಮೇಲೆ ಟಿಶ್ಯೂ ಕಾಗದದ ಚೂರು ಇಟ್ಟು ಹೊಡೆಯಿರಿ, ಹಾರಿದರೆ ಗಾಳಿ ಸೋರುತ್ತಿದೆ. ಟ್ರಿಗರ್ ನೋಡಲು ಪೆಲೆಟ್ ಹಾಕಿ, ಬ್ಯಾರಲ್ ಮುಚ್ಚಿ, ಪೆಲೆಟ್ ಟ್ರ್ಯಾಪಿನ (ಗುಂಡು ತಡೆದು ಹಿಡಿಯುವ ಪೆಟ್ಟಿಗೆ) ಕಡೆಗೇ ಗುರಿ ಹಿಡಿದು ಹಿಂಬದಿಗೆ ಅಂಗೈಯಿಂದ ತಟ್ಟಿ. ತನ್ನಷ್ಟಕ್ಕೆ ಹಾರಿದರೆ ಆ ಗನ್ ಬೇಡ. ಇದನ್ನೆಲ್ಲ ಮಾಡುವಾಗ ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಕಲ್ಲಿಗೆ, ಗಟ್ಟಿ ಮರಕ್ಕೆ ತಗುಲಿದ ಪೆಲೆಟ್ ವಾಪಸ್ ಚಿಮ್ಮುತ್ತದೆ.

ಸ್ಪ್ರಿಂಗ್ ಪಿಸ್ತೂಲಿಗೂ ಇದೆಲ್ಲ ಹಾಗೇ ಅನ್ವಯ. ಸಿಲಿಂಡರಿನಲ್ಲಿ ಗಾಳಿ ತುಂಬುವ ಪಿಸಿಪಿ ಗನ್ ಆದರೆ ಎಣ್ಣೆಯ ವಿಷಯ ಇನ್ನೂ ಅಪಾಯ. ಅಲ್ಲಿ ಒತ್ತಡ 200 ಬಾರ್‌ನಷ್ಟಿರುತ್ತದೆ, ಒಣಗಿದ ಗಾಳಿ ಬಿಟ್ಟು ಬೇರೇನೂ ತುಂಬಬಾರದು. ಆಕ್ಸಿಜನ್ ಅಂತೂ ಎಂದಿಗೂ ಬೇಡ, ಎಣ್ಣೆ ಗ್ರೀಸಿನ ಜೊತೆ ಸೇರಿದರೆ ಸ್ಫೋಟವಾಗುತ್ತದೆ.

ಮಾರಿದವರಿಗೆ ಫೋನ್ ಮಾಡಿದೆ. "ಕೊಟ್ಟಾಗ ಚೆನ್ನಾಗಿತ್ತಲ್ವಾ ಸರ್, ನೀವೇ ನೋಡಿದ್ರಲ್ಲ" ಅಂದರು. ಆಮೇಲೆ ಎತ್ತಲೇ ಇಲ್ಲ.

ಗನ್ನಿಗೆ ಈಗ ಮೂಲ ಅಳತೆಯ ಸ್ಪ್ರಿಂಗ್, ಹೊಸ ಸೀಲ್, ಪೂರ್ತಿ ಹೊಸ ಟ್ರಿಗರ್ ಸೆಟ್ ಹಾಕಿಸಿದ್ದೇನೆ. 232ರಿಂದ 235ರೊಳಗೆ ನಿಂತಿದೆ. ಸದ್ದು ದಪ್ಪ್ ಅಂತ ಅಷ್ಟೇ. ಹೊಗೆ ಇಲ್ಲ. ಸ್ಕೋಪ್ ಇಲ್ಲದೆ ತೆರೆದ ಸೈಟಿನಲ್ಲೇ 10 ಮೀಟರಿಗೆ ಐದು ಗುಂಡು ಒಂದು ಬೊಟ್ಟಿನ ಅಡಿ ಮುಚ್ಚಿಹೋಗುತ್ತವೆ. ನಿಮ್ಮಲ್ಲಿ ಯಾರಾದರೂ ಈಗಾಗಲೇ ಗಾಳಿ ಬರುವ ತೂತಿಗೆ ಎಣ್ಣೆ ಹಾಕಿಬಿಟ್ಟಿದ್ದರೆ, ಹೊಡೆದು ಉರಿಸಿ ಖಾಲಿ ಮಾಡೋಣ ಅಂತ ಹೋಗಬೇಡಿ. ಸ್ಕೋಪ್ ಬಿಚ್ಚಿಡಿ, ಗನ್ ಕಾಕ್ ಮಾಡಬೇಡಿ, ಸ್ಪ್ರಿಂಗ್ ಕಂಪ್ರೆಸರ್ ಇರುವವರ ಹತ್ತಿರ ಕೊಟ್ಟು ಚೇಂಬರ್ ಒರೆಸಿಸಿ ತೆಗೆದುಕೊಂಡು ಬನ್ನಿ.