ಶಿವಮೊಗ್ಗದಲ್ಲಿ ಹೆವಿ ಲೈಸೆನ್ಸ್ ಕ್ಲಾಸ್: ಖಾಲಿ ಲಾರಿ ಕಲಿಸಿದ್ದು, ತುಂಬಿದ ಲಾರಿ ತೋರಿಸಿದ್ದು

ಶಿವಮೊಗ್ಗದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆವಿ ಗಾಡಿಯ ಕ್ಲಾಸ್ ಮುಗಿಸಿದ್ದೇನೆ. ಲಾರಿ ಡ್ರೈವರ್ ಆಗುವುದೋ ಬೇಡವೋ ಅಂತ ಎರಡು ಮನಸ್ಸಿನಲ್ಲೇ ಸೇರಿದವನು ನಾನು. ಹಾಗಾಗಿ ಅದೇ ಸ್ಥಿತಿಯಲ್ಲಿರುವವರಿಗೆ ಇದು ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಲಾರಿ ಓಡಿಸುವುದನ್ನು ಕಲಿಯಲು ಈ ಕ್ಲಾಸ್ ಚೆನ್ನಾಗಿದೆ, ಕೊಟ್ಟ ದುಡ್ಡು ದಂಡವಲ್ಲ. ಆದರೆ ಈ ಕೆಲಸಕ್ಕೆ ಇಳಿಯಬೇಕೋ ಬೇಡವೋ ಅಂತ ತೀರ್ಮಾನಿಸಲು ಇದೊಂದೇ ಸಾಲುವುದಿಲ್ಲ. ಕ್ಲಾಸಿನ ಲಾರಿ ಖಾಲಿ, ರಸ್ತೆ ಸಪಾಟು, ಹೊತ್ತು ಬೆಳಗಿನ ಜಾವ. ಸ್ಕೂಲಿನ ಹೆಸರು ಹಾಕುತ್ತಿಲ್ಲ. ಸೇರುವ ಮೊದಲು ಬೇರೆ ಕಡೆಗಳಲ್ಲೂ ವಿಚಾರಿಸಿದ್ದೆ, ಕೊರತೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ನಮ್ಮ ಮನೆ ಹೊಸನಗರ ತಾಲ್ಲೂಕಿನ ನಗರದ ಕಡೆ. ಸ್ವಲ್ಪ ಅಡಿಕೆ ತೋಟ ಇದೆ. ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ತೋಟ ಒಂದನ್ನೇ ನಂಬಿಕೊಂಡು ಸಂಸಾರ ನಡೆಸುವುದು ಕಷ್ಟವಾಗಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಸೋಗೆ ಒಣಗಿ ಜೋತು ಬಿದ್ದಿರುತ್ತದೆ. ಔಷಧಿ ಖರ್ಚು ಏರುತ್ತದೆ, ಫಸಲು ಇಳಿಯುತ್ತದೆ. ನಾನು ಕೆಲವು ವರ್ಷಗಳಿಂದ ಪಿಕಪ್ ಓಡಿಸುತ್ತಿದ್ದೇನೆ. ಊರಿನವರ ಅಡಿಕೆ ಮೂಟೆ ಶಿವಮೊಗ್ಗದ ಮಂಡಿಗೆ, ವಾಪಸ್ ಬರುವಾಗ ಗೊಬ್ಬರವೋ ಸಿಮೆಂಟೋ. ಅಷ್ಟಕ್ಕೆ ಕಾರಿನ ಲೈಸೆನ್ಸ್, ಅಂದರೆ ಹಗುರ ವಾಹನದ ಎಲ್‌ಎಂವಿ ಲೈಸೆನ್ಸ್ ಸಾಕು. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೆ ಪಿಕಪ್ ಬಾಡಿಗೆ ಅಡಿಕೆ ಸೀಸನ್ ಇದ್ದಾಗ ಮಾತ್ರ ಕೈಗೆ ಹತ್ತುತ್ತದೆ. ವರ್ಷವಿಡೀ ದುಡಿಯಬೇಕೆಂದರೆ ದೊಡ್ಡ ಗಾಡಿ ಹತ್ತಬೇಕು.

ಕಾಗದಪತ್ರದ ಕೆಲಸ ಅಂದುಕೊಂಡಷ್ಟು ತೊಡಕಿಲ್ಲ. ವಯಸ್ಸು 20 ತುಂಬಿರಬೇಕು. ಎಲ್‌ಎಂವಿ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಕಳೆದಿರಬೇಕು. ಡಾಕ್ಟರ್ ಸಹಿ ಮಾಡಿದ ಆರೋಗ್ಯ ಸರ್ಟಿಫಿಕೇಟ್ (ಫಾರಂ 1ಎ), ಸ್ಕೂಲಿನವರು ಕೊಡುವ ತರಬೇತಿ ಸರ್ಟಿಫಿಕೇಟ್ (ಫಾರಂ 5) ಬೇಕು. ಮೊದಲು ಎಂಟನೇ ಕ್ಲಾಸ್ ಪಾಸಾಗಿರಬೇಕು ಅಂತ ನಿಯಮ ಇತ್ತು, 2019ರಲ್ಲಿ ಅದನ್ನು ತೆಗೆದರು. ನಮ್ಮ ಊರಲ್ಲಿ ಆ ಒಂದು ಕಾರಣಕ್ಕೆ ಹಿಂದೆ ಸರಿದ ಒಳ್ಳೊಳ್ಳೆ ಕೈಗಳಿವೆ. ಅವರಿಗೆ ಈ ಬದಲಾವಣೆ ಇನ್ನೂ ಗೊತ್ತಿಲ್ಲ. ಹಾಗಾಗಿ ಇಲ್ಲಿ ಬರೆದಿದ್ದೇನೆ.

ಕ್ಲಾಸಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕಲಿಸುವ ಮೇಷ್ಟ್ರು. ಬಹಳ ವರ್ಷ ದೂರದ ಊರುಗಳಿಗೆ ಹೋಗುವ ಲೈನ್ ಗಾಡಿ ಓಡಿಸಿ, ಮಂಡಿ ನೋವು ಬಂದ ಮೇಲೆ ಇಲ್ಲಿ ಸೇರಿಕೊಂಡವರು. ಸ್ಟೇರಿಂಗ್ ಕೊಡುವ ಮೊದಲು ಗಾಡಿ ಸುತ್ತ ನಡೆಸಿದರು. ಒಂದೊಂದು ಟೈರಿಗೂ ತಟ್ಟಿಸಿದರು, ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿದೆಯಾ ಅಂತ ಬಗ್ಗಿಸಿ ನೋಡಿಸಿದರು, ವೀಲ್ ನಟ್ ಮುಟ್ಟಿಸಿದರು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಏರ್ ಮೀಟರಿನ ಮುಳ್ಳು ಏರುವ ತನಕ ಸುಮ್ನೆ ಕೂರಿಸಿದರು. ಕಾರು, ಪಿಕಪ್ ಓಡಿಸಿದವರಿಗೆ ಇದು ಹೊಸದು. ಅಲ್ಲಿ ಪೆಡಲ್ ಒತ್ತಿದರೆ ಆಯಿಲ್ ಹೋಗಿ ಬ್ರೇಕ್ ಹಿಡಿಯುತ್ತದೆ. ಲಾರಿಯಲ್ಲಿ ಕೆಲಸ ಮಾಡುವುದು ಗಾಳಿ. ಪಾರ್ಕಿಂಗ್ ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಟ್ಯಾಂಕಿನಲ್ಲಿ ಗಾಳಿ ತುಂಬದೆ ಗಾಡಿ ಕದಲುವುದೇ ಇಲ್ಲ. ಪೆಡಲ್ ಪಂಪ್ ಮಾಡಿದಷ್ಟೂ ಗಾಳಿ ಖರ್ಚಾಗುತ್ತದೆ. ಮೇಷ್ಟ್ರು ಬೇಕಂತಲೇ ಪಂಪ್ ಮಾಡಿ ಮುಳ್ಳು ಇಳಿಸಿ, ಎಚ್ಚರಿಕೆಯ ಬಜರ್ ಕೂಗುವ ತನಕ ತೋರಿಸಿದರು. ಆ ಶಬ್ದ ನೆನಪಿನಲ್ಲಿ ಉಳಿಯಿತು.

ತಿರುವು ಕಲಿಸಿದ ರೀತಿಯೂ ಚೆನ್ನಾಗಿತ್ತು. ಆಟೋ ಕಾಂಪ್ಲೆಕ್ಸ್ ಕಡೆ ಬೆಳಿಗ್ಗೆ ಖಾಲಿ ಜಾಗದಲ್ಲಿ ಇಟ್ಟಿಗೆ ಇಟ್ಟು, ಮುಂದಿನ ಚಕ್ರ ದಾಟಿದ ಮೇಲೂ ಹಿಂದಿನ ಚಕ್ರ ಎಷ್ಟು ಒಳಗೆ ಕೊಯ್ದುಕೊಂಡು ಬರುತ್ತದೆ ಅಂತ ಇಳಿಸಿ ತೋರಿಸಿದರು. ಇಟ್ಟಿಗೆ ಪುಡಿಯಾದಾಗ, 'ಇಲ್ಲಿ ಒಬ್ಬ ಬೈಕ್ ನಿಲ್ಲಿಸಿಕೊಂಡಿದ್ದ ಅಂತ ತಿಳ್ಕೋ' ಅಂದರು. ರಿವರ್ಸ್ ಪೂರ್ತಿ ಕನ್ನಡಿಯಲ್ಲೇ. ತಲೆ ಹೊರಗೆ ಹಾಕಿದರೆ ಗಾಡಿ ನಿಲ್ಲಿಸಿಬಿಡುತ್ತಿದ್ದರು. ಆಲ್ಕೊಳ ಸರ್ಕಲ್ ದಾಟಿ ಸಾಗರ ರಸ್ತೆಯಲ್ಲಿ ಆಯನೂರಿನ ತನಕ ಹೋಗಿ ಬರುವುದು ನಮ್ಮ ರೋಡ್ ಕ್ಲಾಸ್. ಗೇರ್ ಕೈಗೆ ಕೂತಿತು, ರಸ್ತೆಯಲ್ಲಿ ಗಾಡಿಯ ಅಗಲ ಕಣ್ಣಿಗೆ ಕೂತಿತು. ಹೊಸಬರಿಗೆ ಇದಕ್ಕಿಂತ ಒಳ್ಳೆ ಕಲಿಸುವವರು ಸಿಗುವುದು ಕಷ್ಟ.

ಈಗ ತಕರಾರು. ಹೆವಿ ಗಾಡಿಗೆ ಕನಿಷ್ಠ 30 ದಿನದ ತರಬೇತಿ, ಅದರಲ್ಲಿ ಕನಿಷ್ಠ 15 ಗಂಟೆ ಕಲಿಯುವವನೇ ಓಡಿಸಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲಿದೆ. ನಮ್ಮ ಬ್ಯಾಚಿಗೆ ಇದ್ದದ್ದು ಒಂದೇ ಲಾರಿ. ಒಬ್ಬ ಓಡಿಸುವಾಗ ಉಳಿದವರು ಹಿಂದೆ ಕೂತು ನೋಡುವುದು. ಆ ಕೂತ ಹೊತ್ತನ್ನೂ ಕ್ಲಾಸಿನ ಲೆಕ್ಕಕ್ಕೇ ಹಾಕುತ್ತಿದ್ದರು. ನಾನು ಒಂದು ಪುಸ್ತಕದಲ್ಲಿ ನನ್ನ ಸ್ಟೇರಿಂಗ್ ಹೊತ್ತು ಮಾತ್ರ ಬರೆದಿಡುತ್ತಾ ಬಂದೆ. ಕೊನೆಗೆ ಅದನ್ನು ಆಫೀಸಿನಲ್ಲಿ ತೋರಿಸಿ, ಇನ್ನೂ ಬಾಕಿ ಇದೆ ಅಂದೆ. ಮೊದಲು ಮುಖ ಗಂಟಿಕ್ಕಿದರೂ, ಬಾಕಿ ಗಂಟೆಗಳನ್ನು ಮುಂಜಾನೆ ಕೊಟ್ಟು ತೀರಿಸಿದರು. ಕೇಳಿದ್ದಕ್ಕೆ ಸಿಕ್ಕಿತು. ನನ್ನ ಜೊತೆಗಿದ್ದ ಇಬ್ಬರು ಕೇಳಲಿಲ್ಲ, ಅವರಿಗೆ ಅಷ್ಟೇ ಹೊತ್ತಿಗೆ ಫಾರಂ 5 ಕೈಗೆ ಬಂತು. ನಾಳೆ ಅವರು ಇಪ್ಪತ್ತು ಮೂವತ್ತು ಟನ್ ಹೊತ್ತ ಗಾಡಿಯನ್ನು ಶಾಲೆ ಮಕ್ಕಳು ನಡೆದು ಹೋಗುವ ರಸ್ತೆಯಲ್ಲಿ ಓಡಿಸುವವರು. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಗಾಡಿ ಹಳೆಯದು ಅನ್ನುವುದು ಇನ್ನೊಂದು ಕೊರತೆ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಗಾಡಿಗಳೆಲ್ಲ ಬಿಎಸ್ 6, ಅಂದರೆ ಹೊಗೆ ಕಡಿಮೆ ಮಾಡುವ ಹೊಸ ನಿಯಮದವು. ಅಂಥ ಲಾರಿಗಳಿಗೆ ಡೀಸೆಲ್ ಜೊತೆ ಯೂರಿಯಾ ದ್ರವವನ್ನೂ ಬೇರೆ ಟ್ಯಾಂಕಿಗೆ ತುಂಬಬೇಕು. ಅದು ಖಾಲಿಯಾದರೆ ಗಾಡಿ ಎಳೆಯುವ ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತದೆ. ಇದರ ಬಗ್ಗೆ ಕ್ಲಾಸಿನಲ್ಲಿ ಮಾತೇ ಇಲ್ಲ. ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ, ಇ-ವೇ ಬಿಲ್ ಕೂಡ ಹಾಗೇ. ಸಾಮಾನ್ಯ ಲೋಡಿಗೆ 200 ಕಿಲೋಮೀಟರ್‌ಗೆ ಒಂದು ದಿನ ಅಂತ ಅದರ ಅವಧಿ ಲೆಕ್ಕ. ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುತ್ತದೆ. ಚೆಕ್ಕಿಂಗಿನಲ್ಲಿ ಸಿಕ್ಕಿಕೊಳ್ಳುವುದು ಡ್ರೈವರ್. ಒಂದು ಬೆಳಿಗ್ಗೆ ಕೂರಿಸಿ ಹೇಳಿಕೊಟ್ಟರೆ ಸಾಕಿತ್ತು.

ಇಷ್ಟಾದರೂ ನನ್ನ ಪ್ರಶ್ನೆ ಹಾಗೇ ಉಳಿದಿತ್ತು. ಹಾಗಾಗಿ ನಮ್ಮ ಕಡೆಯವರೇ ಆದ ಒಬ್ಬ ಡ್ರೈವರ್ ಅಣ್ಣನ ಜೊತೆ ಹತ್ತು ಚಕ್ರದ ಗಾಡಿಯಲ್ಲಿ ಮೆಕ್ಕೆಜೋಳದ ಲೋಡಿಗೆ ಹೋದೆ. ಮಂಗಳೂರು ಕಡೆಗೆ. ಹತ್ತು ಚಕ್ರಕ್ಕೆ ಗಾಡಿ, ಲೋಡು ಎರಡೂ ಸೇರಿ 28.5 ಟನ್ ತನಕ ಅವಕಾಶ ಇದೆ. 2018ಕ್ಕೆ ಮೊದಲು ಇದು 25 ಟನ್ ಇತ್ತು. ಆಗುಂಬೆಯಲ್ಲಿ ಭಾರಿ ಗಾಡಿ ಬಿಡುವುದಿಲ್ಲ, ಹಾಗಾಗಿ ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಘಾಟಿ ಇಳಿದು ಸಿದ್ದಾಪುರ, ಕುಂದಾಪುರ. ಚಿಕ್ಕಂದಿನಿಂದ ನೋಡಿದ ಘಾಟಿ. ಪಿಕಪ್‌ನಲ್ಲಿ ಲೆಕ್ಕವಿಲ್ಲದಷ್ಟು ಸಲ ಇಳಿದಿದ್ದೇನೆ. ತುಂಬಿದ ಲಾರಿಯ ಕ್ಯಾಬಿನ್ನಿನಿಂದ ಅದು ಬೇರೆಯದೇ ರಸ್ತೆ.

ಇಳಿಜಾರು ಶುರುವಾಗುವ ಮೊದಲೇ ಅಣ್ಣ ಗಾಡಿ ನಿಧಾನ ಮಾಡಿ ಕೆಳಗಿನ ಗೇರಿಗೆ ಹಾಕಿದರು. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಇಳಿಯಲು ಶುರು ಮಾಡಿದ ಮೇಲೆ ಗೇರ್ ಬದಲಿಸಲು ಹೋದರೆ, ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡು ಮತ್ತೆ ಗೇರ್ ಬೀಳದೆ ಹೋಗಬಹುದು. ಆಮೇಲೆ ಎಂಜಿನ್ನಿನ ಹಿಡಿತ ಇಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಬ್ರೇಕನ್ನೇ ಒತ್ತಿ ಹಿಡಿದುಕೊಂಡು ಇಳಿದರೆ ಡ್ರಮ್ಮು, ಲೈನರ್ ಕಾದು ಹಿಡಿತ ಬಿಡುತ್ತವೆ. ಘಾಟಿಯಲ್ಲಿ ಬರುವ ಆ ಸುಟ್ಟ ವಾಸನೆ ಅದರದೇ. ಎಂಜಿನ್ನಿನ ಹೊಗೆಯ ದಾರಿ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿದಾಗ ಗಾಡಿ ಬುಸ್ ಅಂತ ಉಸಿರು ಹಿಡಿದು ನಡೆಯಿತು. ಬೆನ್ನ ಹಿಂದೆ ಲೋಡ್ ಮುಂದಕ್ಕೆ ತಳ್ಳುವುದು ಸೀಟಿನಲ್ಲೇ ಗೊತ್ತಾಗುತ್ತದೆ. ಸೊಪ್ಪಿನ ಹೊರೆ ಹೊತ್ತು ಜಾರುವ ದರೆ ಇಳಿದವರಿಗೆ ಆ ಅನುಭವ ಅರ್ಥವಾದೀತು. ತಿರುವಿನಲ್ಲಿ ಕೆಳಗಿನಿಂದ ಲೋಡ್ ಗಾಡಿ ಬಂತು. ಹತ್ತುವವರಿಗೆ ಮೊದಲು ದಾರಿ ಬಿಡಬೇಕು, ಅದು ನಿಯಮವೂ ಹೌದು. ಅಣ್ಣ ಮೇಲೆಯೇ ನಿಲ್ಲಿಸಿ ಕಾದರು. ಹಿಂದಿದ್ದ ಕಾರಿನವರು ಹಾರ್ನ್ ಹೊಡೆಯುತ್ತಲೇ ಇದ್ದರು. ಅಣ್ಣ ಕದಲಲಿಲ್ಲ. ಆ ತಾಳ್ಮೆ ನನ್ನಲ್ಲಿ ಇದೆಯಾ ಅಂತ ನನ್ನನ್ನೇ ಕೇಳಿಕೊಂಡೆ. ಇದೆ ಅನ್ನಿಸಿತು.

ಕೆಳಗೆ ಮುಟ್ಟಿದ ಮೇಲೆ ಇನ್ನೊಂದು ಪರೀಕ್ಷೆ. ಗೋಡೌನಿನ ಮುಂದೆ ಗಾಡಿ ಸಾಲು. ಅನ್‌ಲೋಡ್ ಇವತ್ತು ಆಗುತ್ತದೋ ನಾಳೆಯೋ ಯಾರೂ ಹೇಳುವುದಿಲ್ಲ. ಶೌಚಕ್ಕೆ ಜಾಗ ಹುಡುಕಬೇಕು, ಸ್ನಾನಕ್ಕೆ ಪೆಟ್ರೋಲ್ ಬಂಕಿನ ನಲ್ಲಿ. ಕರಾವಳಿಯ ಸೆಕೆಗೆ ಕ್ಯಾಬಿನ್ ಒಲೆಯಾಗಿತ್ತು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳಿಗೆ ಕ್ಯಾಬಿನ್ ಎಸಿ ಕಡ್ಡಾಯ ಅಂತ ಸರ್ಕಾರ ಮಾಡಿದ್ದು ಒಳ್ಳೆಯದಾಯಿತು. ಆದರೆ ಹಳೆ ಗಾಡಿಯವರು ಇನ್ನೂ ಎಷ್ಟೋ ವರ್ಷ ಹೀಗೇ ಮಲಗಬೇಕು. ಘಾಟಿ ನನ್ನನ್ನು ಹೆದರಿಸಲಿಲ್ಲ. ಈ ಕಾಯುವಿಕೆ ಹೆದರಿಸಿತು. ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂದರೂ ಗಾಡಿ ಬಿಟ್ಟು ಬರುವ ಹಾಗಿಲ್ಲ, ಅಲ್ವಾ?

ಸಂಬಳದ ಲೆಕ್ಕವನ್ನೂ ದಾರಿಯಲ್ಲಿ ಕೇಳಿಕೊಂಡೆ. ತಿಂಗಳಿಗೆ ಇಷ್ಟು, ಟ್ರಿಪ್ಪಿಗೆ ಬಾಟಾ (ಭತ್ಯೆ) ಇಷ್ಟು ಅಂತ ಮಾತು. ಡೀಸೆಲ್ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಯಾರ ತಲೆಗೆ, ದಾರಿಯ ದಂಡ ಯಾರ ತಲೆಗೆ, ಟಾರ್ಪಾಲ್ ಹರಿದರೆ ಯಾರು ಕೊಡಬೇಕು, ಲೋಡ್ ಸಿಗದೆ ನಿಂತ ದಿನಕ್ಕೆ ಊಟದ ಕಾಸು ಇದೆಯಾ, ಇದನ್ನೆಲ್ಲ ಮೊದಲೇ ಬಿಡಿಸಿ ಮಾತಾಡದಿದ್ದರೆ ಕೈಗೆ ಬರುವುದು ಹೇಳಿದ್ದಕ್ಕಿಂತ ಕಡಿಮೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಬರೆದಿದ್ದರು. ಆದರೆ ಆ ಕಾಯ್ದೆ ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆಗೆ ಅಂತ ಮಾಡಿದ್ದು. ನಮ್ಮ ಕಡೆ ಒಂದೋ ಎರಡೋ ಲಾರಿ ಇಟ್ಟುಕೊಂಡ ಮಾಲೀಕರೇ ಜಾಸ್ತಿ. ಅಲ್ಲಿ ನಡೆಯುವುದು ಮಾಲೀಕ, ಡ್ರೈವರ್ ನಡುವಿನ ಮಾತು ಮಾತ್ರ.

ಇಷ್ಟೆಲ್ಲ ನೋಡಿ ನಾನು ಡ್ರೈವರ್ ಆಗುವುದು ಅಂತಲೇ ತೀರ್ಮಾನಿಸಿದೆ. ಆದರೆ ಅಡಿಕೆ ಹೊತ್ತು ಗುಜರಾತ್, ದೆಹಲಿ ಕಡೆ ಹೋಗುವ ಲೈನ್ ಗಾಡಿಗೆ ಅಲ್ಲ. ಶಿವಮೊಗ್ಗದಿಂದ ಕರಾವಳಿಗೆ ಹೋಗಿ ಗೊಬ್ಬರ ತುಂಬಿಕೊಂಡು ವಾಪಸ್ ಬರುವ ಗಾಡಿಗೆ. ಮೊದಲು ಅದೇ ಅಣ್ಣನ ಜೊತೆ ಸೆಕೆಂಡ್ ಡ್ರೈವರ್ ಆಗಿ. ಒಂದು ಮಳೆಗಾಲ ಪೂರ್ತಿ ಅವರ ಪಕ್ಕದಲ್ಲಿ ಕೂತು, ಅವರು ಸರಿ ಅಂದ ಮೇಲೆಯೇ ಘಾಟಿಯಲ್ಲಿ ಸ್ಟೇರಿಂಗ್ ಹಿಡಿಯುವುದು ಅಂತ ಮಾತಾಗಿದೆ. ಅಡಿಕೆ ಕೊಯ್ಲಿಗೆ ರಜೆ ಬೇಕು ಅಂತಲೂ ಮಾಲೀಕರ ಹತ್ತಿರ ಮೊದಲೇ ಹೇಳಿದ್ದೇನೆ, ಒಪ್ಪಿದ್ದಾರೆ.

ಕ್ಲಾಸಿಗೆ ಸೇರುವವರು ದುಡ್ಡು ಕಟ್ಟುವ ಮೊದಲು, ಒಂದು ಲಾರಿಗೆ ಎಷ್ಟು ಜನ, ನನ್ನ ಕೈಗೆ ಸ್ಟೇರಿಂಗ್ ಎಷ್ಟು ಗಂಟೆ ಅಂತ ಕೇಳಿ, ಬರೆಸಿಕೊಳ್ಳಿ. ಕಾರ್ ಕ್ಲಾಸಿಗಿಂತ ಫೀಸು ಬಹಳ ಜಾಸ್ತಿ, ಕೇಳುವ ಹಕ್ಕು ನಿಮಗಿದೆ. ಕಲಿಸುವವರು ಸ್ವತಃ ಲೋಡ್ ಗಾಡಿ ಓಡಿಸಿದವರಾ ಅಂತ ವಿಚಾರಿಸಿ. ಕ್ಲಾಸ್ ನಡೆಯುತ್ತಿರುವಾಗಲೇ ಪರಿಚಯದ ಡ್ರೈವರ್ ಯಾರಾದರೂ ಇದ್ದರೆ ಒಂದು ಲೋಡಿಗೆ ಜೊತೆ ಹೋಗಿ, ಅನ್‌ಲೋಡ್ ಆಗುವ ತನಕ ಅಲ್ಲೇ ಇರಿ, ಮಧ್ಯದಲ್ಲಿ ಬಸ್ ಹತ್ತಿ ಬರಬೇಡಿ. ಹಾಗೆಯೇ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಯಾವ ಕಡೆಯಾದರೂ, ಕಲಿಯುವವರನ್ನು ಲೋಡ್ ಗಾಡಿಯಲ್ಲಿ ಕೂರಿಸಿ ಇಳಿಜಾರಿನಲ್ಲಿ ಗೇರ್ ಹಿಡಿಯುವುದನ್ನು ಹೇಳಿಕೊಡುವ ಸ್ಕೂಲ್ ಇದ್ದರೆ ದಯವಿಟ್ಟು ತಿಳಿಸಿ. ಲೈಸೆನ್ಸ್ ಕೈಯಲ್ಲಿದ್ದರೂ ನಾನು ಮತ್ತೊಮ್ಮೆ ಫೀಸು ಕಟ್ಟಿ ಸೇರುತ್ತೇನೆ.