ಲಿಫ್ಟಿಗೆ ಆಧಾರ್ ಕಾರ್ಡ್ ಇಲ್ಲ: ಅಪಾರ್ಟ್‌ಮೆಂಟ್ ಸೋಲಾರಿಗೆ ಮೂರು ದಾರಿ, ನಾವು ಹಿಡಿದದ್ದು ಒಂದು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕಾಮನ್ ಮೀಟರಿಗೆ. ಅಸೋಸಿಯೇಷನ್ ಕೈಯಿಂದಲೇ ದುಡ್ಡು ಹಾಕಿ, ಕೇಂದ್ರದ ಸಬ್ಸಿಡಿ ತಗೊಂಡು, ಲಿಫ್ಟು ಮೋಟರು ಓಡುವ ಆ ಒಂದು ಮೀಟರಿಗೆ ಸೋಲಾರ್ ಹಾಕಿಸುವುದು. ಇಷ್ಟು ಸಣ್ಣ ತೀರ್ಮಾನಕ್ಕೆ ಬರೋಕೆ ನಮಗೆ ಒಂದು ವರ್ಷ, ಆರು ಮೀಟಿಂಗು, ಎರಡು ಜಗಳ ಬೇಕಾಯಿತು. ಅದರಲ್ಲಿ ಐದು ತಿಂಗಳು ಹೋದದ್ದು ಬರೀ ಒಂದು ಹೆಸರಿಗೆ. ಅದನ್ನು ಆಮೇಲೆ ಹೇಳುತ್ತೇನೆ, ಅದೇ ಇಲ್ಲಿನ ದೊಡ್ಡ ಕಥೆ.

ನಮ್ಮದು ಬೆಂಗಳೂರಿನಲ್ಲಿ 32 ಮನೆಗಳ ಅಪಾರ್ಟ್‌ಮೆಂಟ್. ನಾಲ್ಕು ಮಹಡಿ, ಎರಡು ಲಿಫ್ಟು, ಒಂದು ಬೋರ್‌ವೆಲ್, ಸಂಪಿನ ಮೋಟರು, ಹಗಲು ರಾತ್ರಿ ಗುಂಯ್ ಅನ್ನುವ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಬ್ಲೋವರ್. ಕಾಮನ್ ಮೀಟರಿನ ಬಿಲ್ಲು ತಿಂಗಳಿಗೆ ಹತ್ತಿರ ಹತ್ತಿರ 2,900 ಯೂನಿಟ್, ದುಡ್ಡಿನಲ್ಲಿ 22,000ಕ್ಕೆ ಮೇಲೆ. ನಾನು ಖಜಾಂಚಿ. ಬೇರೆ ಯಾರೂ ಒಪ್ಪದ ಕೆಲಸ ಆದ್ದರಿಂದ ಇದು ಮೂರನೇ ವರ್ಷ.

2024ರ ಫೆಬ್ರವರಿಯಲ್ಲಿ ಟೆರೇಸಿನ ಸೋಲಾರಿಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದಾಗ ಎಲ್ಲರ ಕಣ್ಣಿಗೆ ಬಿದ್ದದ್ದು ಒಂದೇ ಅಂಕಿ, 78,000. ಅದು ಮನೆಯವರು ತಮ್ಮ ಸ್ವಂತ ಮೀಟರಿಗೆ ಹಾಕಿಸಿಕೊಂಡರೆ ಸಿಗುವ ಸಬ್ಸಿಡಿ. ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ ಮುಗಿಯಿತು. ಅದೇ ಯೋಜನೆಯಲ್ಲಿ ಅಸೋಸಿಯೇಷನ್‌ಗಳಿಗೂ ಒಂದು ಪಾಲಿದೆ ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ. ಲಿಫ್ಟು, ಪಂಪು, ಕಾರಿಡಾರ್ ದೀಪ, ಇವಿ ಚಾರ್ಜಿಂಗ್ ತರಹದ ಕಾಮನ್ ಖರ್ಚಿಗೆ ಕಿಲೋವಾಟಿಗೆ 18,000. ಮನೆಗೆ ಮೂರು ಕಿಲೋವಾಟಿನ ಲೆಕ್ಕದಲ್ಲಿ, ಗರಿಷ್ಠ 500 ಕಿಲೋವಾಟಿನ ತನಕ. ಕಿಲೋವಾಟಿಗೆ ಸಿಗುವುದು ಕಡಿಮೆ ಅನ್ನಿಸುತ್ತದೆ, ಹಾಗಾಗಿ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ನಿಜ ಹೇಳಬೇಕು ಅಂದರೆ ಮೊದಲು 78,000ಕ್ಕೆ ಬಿದ್ದವನು ನಾನೇ. ನನ್ನ ಮನೆಗೆ ಮೂರು ಕಿಲೋವಾಟ್ ಅಂತ ಕೊಟೇಶನ್ ತರಿಸಿದೆ. ಸುಮಾರು ಎರಡು ಲಕ್ಷ, ಸಬ್ಸಿಡಿ ಕಳೆದರೆ 1,22,000. ರಾತ್ರಿ ಕೂತು ಲೆಕ್ಕ ಹಾಕುತ್ತಿದ್ದಾಗ ನಮ್ಮವಳು ಬಂದು, "ನಮಗೆ ಬಿಲ್ಲೇ ಬರಲ್ಲವಲ್ಲ, ಏನನ್ನ ಉಳಿಸೋಕೆ ಹೊರಟಿದ್ದೀರಿ?" ಅಂದಳು. ಹೌದಲ್ವಾ! ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರಿಂದ, ನಮ್ಮ 140 ಯೂನಿಟ್ಟಿಗೆ ಬಿಲ್ಲು ಸೊನ್ನೆ. ನಮ್ಮ 32 ಮನೆಯಲ್ಲಿ 24 ಮನೆಯದು ಇದೇ ಕಥೆ. ಬರದ ಬಿಲ್ಲಿಗೆ 1,22,000 ಹಾಕುವುದು ಎಂಥಾ ಜಾಣತನ? ಕಾಮನ್ ಮೀಟರಿಗೆ ಮಾತ್ರ ಆ ಭಾಗ್ಯ ಇಲ್ಲ. ಲಿಫ್ಟಿಗೆ ಆಧಾರ್ ಕಾರ್ಡ್ ಇಲ್ಲವಲ್ಲ. ಕಟ್ಟಡದಲ್ಲಿ ನಿಜವಾಗಿ ದುಡ್ಡು ಸೋರುತ್ತಿದ್ದ ಜಾಗ ಅದೊಂದೇ, ನಾನು ಪ್ರತಿ ತಿಂಗಳು ಚೆಕ್ ಬರೆಯುತ್ತಿದ್ದರೂ ಅದು ನನಗೆ ಹೊಳೆದಿರಲಿಲ್ಲ.

ಬಿಲ್ಲು ಬರುವ ಎಂಟು ಮನೆಯವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಎಸಿ, ಇವಿ ಸ್ಕೂಟರು ಇರುವವರಿಗೆ ಅದು ಉರಿಯುತ್ತದೆ, ತಪ್ಪೇನಿಲ್ಲ. ಆದರೆ ಟೆರೇಸು ಎಲ್ಲರದ್ದು. ಒಂದು ಕಿಲೋವಾಟಿಗೆ ನೆರಳು ಬೀಳದ 100 ಚದರಡಿ ಬೇಕು. 32 ಮನೆಗೆ ಮೂರು ಮೂರು ಕಿಲೋವಾಟ್ ಅಂದರೆ 9,600 ಚದರಡಿ, ನಮ್ಮ ಟೆರೇಸು ಇರುವುದೇ 4,800, ಅದರಲ್ಲೂ ನೀರಿನ ಟ್ಯಾಂಕು, ಲಿಫ್ಟ್ ರೂಮು. ಮೊದಲು ಬಂದ ಎಂಟು ಜನಕ್ಕೆ ಎನ್‌ಒಸಿ ಕೊಟ್ಟರೆ ಅರ್ಧ ಟೆರೇಸು ಅವರದ್ದು. ಇದಕ್ಕೇ ಆ ಎರಡು ಜಗಳ ಆದದ್ದು. ಒಬ್ಬೊಬ್ಬರ ಕೇಬಲ್ಲೂ ಟೆರೇಸಿನಿಂದ ಬೇಸ್‌ಮೆಂಟಿನ ಮೀಟರ್ ರೂಮಿಗೆ ಐದು ಅಂತಸ್ತು ಇಳಿಯಬೇಕು, ಎಂಟು ಪೈಪು ಗೋಡೆ ಮೇಲೆ ಹಾವಿನ ಹಾಗೆ. ಬೇಡ ಅಂತ ಬಿಟ್ಟೆವು.

(ಒಂದೇ ಪ್ಲಾಂಟಿನ ಯೂನಿಟ್ಟುಗಳನ್ನು ಎಲ್ಲ ಮನೆಗಳ ಬಿಲ್ಲಿಗೂ ಹಂಚುವ ವರ್ಚುವಲ್ ನೆಟ್ ಮೀಟರಿಂಗ್ ಅಂತ ಒಂದಿದೆ. ದಿಲ್ಲಿಯಲ್ಲಿ ಅದಕ್ಕೆ 2019ರಿಂದಲೇ ನಿಯಮ ಇದೆ. ನಾವು ಅರ್ಜಿ ಹಾಕಿದಾಗ ನಮ್ಮ ಮುಂದೆ ಆ ದಾರಿ ಇರಲಿಲ್ಲ, ಇದ್ದಿದ್ದರೂ 24 ಸೊನ್ನೆ ಬಿಲ್ಲಿಗೆ ಏನು ಹಂಚುವುದು? ಮೆಲ್ಬರ್ನಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಫೋನಿನಲ್ಲಿ, ಅಲ್ಲಿನ ವಿಕ್ಟೋರಿಯಾ ಸರ್ಕಾರದ ಯೋಜನೆಯಲ್ಲಿ ಫ್ಲ್ಯಾಟಿಗೆ 2,800 ಡಾಲರ್ ತನಕ, ಕಟ್ಟಡಕ್ಕೆ 1,40,000 ಡಾಲರ್ ತನಕ ಅನುದಾನ ಅಂದ. ಕೇಳಿ ಹೊಟ್ಟೆ ಉರಿಯಿತು, ಅಷ್ಟೇ.)

ಎರಡನೇ ದಾರಿ ರೆಸ್ಕೋ. ಕಂಪನಿಯವರೇ ಬಂದು ನಮ್ಮ ಟೆರೇಸಿನಲ್ಲಿ ಅವರ ದುಡ್ಡಿನಲ್ಲಿ ಪ್ಲಾಂಟ್ ಹಾಕುತ್ತಾರೆ, ನಾವು ಯೂನಿಟ್ಟಿಗೆ ಇಷ್ಟು ಅಂತ ಕೊಡುತ್ತಾ ಹೋಗುವುದು. ಕೈಯಿಂದ ಒಂದು ಪೈಸೆ ಇಲ್ಲ. ಮೀಟಿಂಗಿನಲ್ಲಿ ಎಲ್ಲರ ಮುಖವೂ ಅರಳಿತು. ನಮಗೆ ಬಂದ ಆಫರ್ ಯೂನಿಟ್ಟಿಗೆ 4.50, 20 ವರ್ಷದ ಕರಾರು, ವರ್ಷಕ್ಕೆ ಶೇಕಡ 2 ಏರಿಕೆ. ಕೊನೆ ವರ್ಷಕ್ಕೆ ಅದು ಆರೂವರೆ ಆಗುತ್ತದೆ. ಅದೂ ಹೋಗಲಿ ಅನ್ನಬಹುದಿತ್ತು. ಕರಾರಿನ ಹನ್ನೊಂದನೇ ಪುಟದಲ್ಲಿ ಒಂದು ಸಾಲಿತ್ತು. ನಮ್ಮ ಕಾರಣಕ್ಕೆ ಪ್ಲಾಂಟ್ ನಿಂತರೆ, ಆ ದಿನಗಳಲ್ಲಿ ಎಷ್ಟು ಕರೆಂಟ್ ಬರಬಹುದಿತ್ತೋ ಅಷ್ಟಕ್ಕೂ ನಾವೇ ಕೊಡಬೇಕು. ನಮ್ಮ ಟೆರೇಸು ಸೋರುತ್ತದೆ, ಮೂರು ವರ್ಷಕ್ಕೊಮ್ಮೆ ವಾಟರ್‌ಪ್ರೂಫಿಂಗ್ ಮಾಡಿಸದಿದ್ದರೆ ನಾಲ್ಕನೇ ಮಹಡಿಯವರು ಬಕೆಟ್ ಇಟ್ಟುಕೊಂಡು ಕೂರಬೇಕು. ಪ್ಯಾನೆಲ್ ಬಿಚ್ಚಿ, ಕೆಲಸ ಮಾಡಿಸಿ, ಮತ್ತೆ ಕೂರಿಸುವ ತನಕ ಬರದ ಕರೆಂಟಿಗೆ ಬಿಲ್ಲು. ನನ್ನ ತಮ್ಮನ ಅಪಾರ್ಟ್‌ಮೆಂಟಿನವರು ಇಂಥದ್ದೇ ಕರಾರಿಗೆ ಸೈನ್ ಹಾಕಿ, ಸೋರುವ ಟೆರೇಸನ್ನು ಒಂದೂವರೆ ವರ್ಷದಿಂದ ರಿಪೇರಿ ಮಾಡಿಸದೆ ಕೂತಿದ್ದಾರೆ. ನಾನು ಆ ಪುಟವನ್ನು ಗಟ್ಟಿಯಾಗಿ ಓದಿ ಹೇಳಿದೆ. ಅರಳಿದ ಮುಖಗಳೆಲ್ಲ ಮುದುಡಿದವು.

ಹಾಗೆ ಉಳಿದದ್ದು ಕಾಮನ್ ಮೀಟರು. 20 ಕಿಲೋವಾಟ್ ಅಂತ ಗೊತ್ತುಮಾಡಿದೆವು. ಮಂಜೂರಾದ ಲೋಡ್ 25 ಇತ್ತು, ಅದರ ಒಳಗೇ ಇರಲಿ ಅಂತ. 2025ರ ಮಾರ್ಚಿನಲ್ಲಿ ಸೂರ್ಯಘರ್ ಪೋರ್ಟಲಿಗೆ ಹೋಗಿ ಗ್ರಾಹಕರ ಸಂಖ್ಯೆ ಹೊಡೆದೆ. ಪರದೆ ಮೇಲೆ ಬಂದ ಹೆಸರು ನಮ್ಮ ಅಸೋಸಿಯೇಷನ್ನಿನದ್ದಲ್ಲ, ಬಿಲ್ಡರಿನ ಸಂಸ್ಥೆಯದ್ದು.

ಹಳೇ ಬಿಲ್ಲುಗಳನ್ನು ತೆಗೆದು ನೋಡಿದೆ. ಏಳು ವರ್ಷದಿಂದ ಪ್ರತಿ ಬಿಲ್ಲಿನ ಮೇಲೂ ಅದೇ ಹೆಸರು. ಮೂರು ವರ್ಷ ನಾನೇ ಕಟ್ಟಿದ್ದೇನೆ, ಮೊತ್ತ ನೋಡಿದ್ದೇನೆ, ಕೊನೆ ದಿನಾಂಕ ನೋಡಿದ್ದೇನೆ, ಹೆಸರು ನೋಡಿಲ್ಲ. ಬಿಲ್ಡರ್ ಕೀಲಿ ಕೊಟ್ಟು ಹೋದಾಗ ಮೀಟರಿನ ಆರ್‌ಆರ್ ನಂಬರನ್ನು (ಕನೆಕ್ಷನ್ ನಂಬರು) ಅಸೋಸಿಯೇಷನ್ ಹೆಸರಿಗೆ ಮಾಡಿಸಿಕೊಳ್ಳಬೇಕು ಅಂತ ಆಗಿನ ಕಮಿಟಿಗೂ ಹೊಳೆದಿರಲಿಲ್ಲ. ಸೋಲಾರ್ ಹುಡುಗ "ಹಾಗೇ ಹಾಕಿಬಿಡೋಣ ಸಾರ್, ಆಮೇಲೆ ನೋಡ್ಕೊಳ್ಳೋಣ" ಅಂದ. ಆಮೇಲೆ ಅಂದರೆ ಯಾವಾಗ? ಸಬ್ಸಿಡಿ ಬರುವುದು ಬ್ಯಾಂಕ್ ಖಾತೆಗೆ. ನಮ್ಮ ಖಾತೆ, ಪ್ಯಾನ್, ನೋಂದಣಿ ಎಲ್ಲ ಅಸೋಸಿಯೇಷನ್ ಹೆಸರಿನಲ್ಲಿ, ಮೀಟರು ಇನ್ನೊಬ್ಬರ ಹೆಸರಿನಲ್ಲಿ. ಅಷ್ಟು ದುಡ್ಡನ್ನು ಅವನ ಧೈರ್ಯದ ಮೇಲೆ ಬಿಡಲು ನನಗೆ ಧೈರ್ಯ ಬರಲಿಲ್ಲ.

ಕೆಇಬಿ ಆಫೀಸಿಗೆ ಹೋದೆ (ಹೆಸರು ಬದಲಾಗಿ ಇಪ್ಪತ್ತು ವರ್ಷದ ಮೇಲಾಯಿತು, ನಮ್ಮ ಬಾಯಲ್ಲಿ ಅದು ಈಗಲೂ ಕೆಇಬಿನೇ). ಅಲ್ಲಿದ್ದ ಹೆಣ್ಣುಮಗಳು ಒಂದು ಚೀಟಿಯಲ್ಲಿ ಚೊಕ್ಕಟವಾಗಿ ಬರೆದುಕೊಟ್ಟಳು. ನೋಂದಣಿ ಪತ್ರ, ಸಭೆಯ ನಿರ್ಣಯದ ನಕಲು, ಛಾಪಾ ಕಾಗದದಲ್ಲಿ ಮುಚ್ಚಳಿಕೆ, ಮತ್ತೆ ಹಳೇ ಗ್ರಾಹಕರ ಒಪ್ಪಿಗೆ ಪತ್ರ. ಮೊದಲ ಮೂರು ಒಂದು ವಾರದಲ್ಲಿ ಆಯಿತು.

ನಾಲ್ಕನೆಯದಕ್ಕೆ ಬಿಲ್ಡರನ್ನು ಹುಡುಕಬೇಕು. ಹಳೇ ಆಫೀಸಿನ ಜಾಗದಲ್ಲಿ ಈಗ ಹಲ್ಲಿನ ಡಾಕ್ಟರು. ಕಾವಲುಗಾರ ಕೊಟ್ಟ ನಂಬರಿಗೆ ಹದಿನೈದು ದಿನ ಫೋನ್ ಮಾಡಿದ ಮೇಲೆ ಸಿಕ್ಕರು. ಮೊದಲ ಸಲ ಹೋದಾಗ ಕಾಫಿ ಕೊಟ್ಟು, "ನೀವು ನಮ್ಮ ಮನೆಯವರ ಹಾಗೆ, ಬರುವ ವಾರ ಬನ್ನಿ" ಅಂದರು. ಎರಡನೇ ಸಲ ಊರಲ್ಲಿರಲಿಲ್ಲ. ಮೂರನೇ ಸಲ ಕಾಫಿ ಬರಲಿಲ್ಲ, ಒಂದು ಫೈಲು ಬಂತು. ಅದರಲ್ಲಿ ಕನೆಕ್ಷನ್ ತೆಗೆದುಕೊಂಡಾಗ ಅವರು ಕಟ್ಟಿದ್ದ ಡೆಪಾಸಿಟ್ಟಿನ ರಸೀದಿ. "ಮೀಟರ್ ನಿಮ್ಮದಾದ ಮೇಲೆ ಡೆಪಾಸಿಟ್ಟೂ ನಿಮ್ಮದಾಗುತ್ತೆ, ಅಲ್ವಾ? 62,000 ಕೊಡಿ, ಸೈನ್ ಹಾಕ್ತೀನಿ."

ಏನು ಹೇಳುವುದು? ಮನೆ ಮಾರುವಾಗ ಕರೆಂಟು ನೀರು ಅಂತ ಮನೆಗೆ ಇಷ್ಟು ಅಂತ ವಸೂಲಿ ಮಾಡಿದ್ದರು, ಅದರಲ್ಲಿ ಇದೂ ಸೇರಿತ್ತು ಅನ್ನುವುದು ನಮ್ಮ ವಾದ. ಸೇರಿರಲಿಲ್ಲ ಅನ್ನುವುದು ಅವರ ವಾದ. ಕಾಗದದಲ್ಲಿ ಎರಡಕ್ಕೂ ಆಧಾರ ಇಲ್ಲ. ಮತ್ತೊಂದು ಮೀಟಿಂಗು. "ಒಂದು ರೂಪಾಯಿ ಕೊಡಬೇಡಿ, ಕೋರ್ಟಿಗೆ ಹೋಗೋಣ" ಅಂದವರು ಮೂವರು, ಮೂವರೂ ಕೋರ್ಟಿಗೆ ಹೋಗುವವರಲ್ಲ. ಆಗಸ್ಟಿನಲ್ಲಿ ದುಡ್ಡು ಕೊಟ್ಟು ಸೈನ್ ಹಾಕಿಸಿಕೊಂಡು ಬಂದೆ. ಆಮೇಲೆ ಹೆಸರು ಬದಲಾಗಲು ಎರಡೇ ವಾರ.

ತಡ ಆದದ್ದರಿಂದ ಒಂದು ಲಾಭವೂ ಆಯಿತು ನೋಡಿ. ಸೆಪ್ಟೆಂಬರ್ 22ಕ್ಕೆ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು. ಹೊಸ ಕೊಟೇಶನ್ ಹಳೆಯದಕ್ಕಿಂತ ಐವತ್ತು ಸಾವಿರದಷ್ಟು ಕಡಿಮೆ. ಬಿಲ್ಡರಿಗೆ ಕೊಟ್ಟದ್ದು ಹೆಚ್ಚುಕಮ್ಮಿ ಹಿಂದಕ್ಕೆ ಬಂದ ಹಾಗಾಯಿತು ಅಂತ ನಾನು ಸಮಾಧಾನ ಮಾಡಿಕೊಂಡೆ, ಆ ಮೂವರು ಮಾಡಿಕೊಳ್ಳಲಿಲ್ಲ.

ಒಟ್ಟು ಖರ್ಚು 11,80,000. ಕಾರ್ಪಸ್ ಫಂಡಿನಿಂದ (ಅಸೋಸಿಯೇಷನ್ ಕೂಡಿಟ್ಟ ದುಡ್ಡು) ಏಳು ಲಕ್ಷ, ಮನೆಗೆ 15,000 ವಸೂಲಿ. ಸಬ್ಸಿಡಿ 3,60,000. ಅದು ಪ್ಲಾಂಟ್ ಶುರುವಾಗಿ ಐದನೇ ವಾರಕ್ಕೆ ಖಾತೆಗೆ ಬಂತು, ನೇರವಾಗಿ ಕಾರ್ಪಸ್ಸಿಗೆ ಹಾಕಿದೆವು. ಅಂದರೆ ಮೊದಲು ಪೂರ್ತಿ ದುಡ್ಡು ಕೈಯಿಂದ ಹಾಕಲೇಬೇಕು, ಸರ್ಕಾರದ್ದು ಆಮೇಲೆ. ಸಬ್ಸಿಡಿ ಕಳೆದೇ ಕೊಡಿ ಅಂತ ಮಾರುವವನನ್ನು ಕೇಳಿ ಪ್ರಯೋಜನ ಇಲ್ಲ. ಇನ್ನೊಬ್ಬ ಕಿಲೋವಾಟಿಗೆ ಹತ್ತು ಸಾವಿರ ಕಡಿಮೆ ಹೇಳಿದ್ದ, ವಿಚಾರಿಸಿದರೆ ಪ್ಯಾನೆಲ್ ಒಳಗಿನದು ಹೊರದೇಶದ ಸೆಲ್ಲು. ದೇಶದಲ್ಲೇ ಮಾಡಿದ ಸೆಲ್ಲು, ಪ್ಯಾನೆಲ್ ಅಲ್ಲದಿದ್ದರೆ ಸಬ್ಸಿಡಿ ಇಲ್ಲ.

ಪ್ಯಾನೆಲ್ಲುಗಳನ್ನು ಎಂಟಡಿ ಎತ್ತರಕ್ಕೆ ಕೂರಿಸಿದ್ದೇವೆ. ಸ್ವಲ್ಪ ಜಾಸ್ತಿ ಖರ್ಚು, ಆದರೆ ಕೆಳಗೆ ಬಟ್ಟೆ ಹಗ್ಗ ಉಳಿಯಿತು. ಮೂರನೇ ಮಹಡಿಯ ಆಂಟಿಯ ದೂರು ಮಾತ್ರ ಉಳಿದಿದೆ. 38 ಪ್ಯಾನೆಲ್ಲಿನ ನೆರಳಿನಲ್ಲಿ ಸಂಡಿಗೆ ಎರಡು ದಿನವಾದರೂ ಗರಿಗರಿ ಆಗುವುದಿಲ್ಲವಂತೆ. ಪೂರ್ವದ ಕಡೆ ಬಿಟ್ಟ ಒಂದು ಪಟ್ಟಿ ಜಾಗದಲ್ಲಿ ಈಗ ಬೆಳಗ್ಗೆ ಏಳಕ್ಕೇ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಜಾಗ ಹಿಡಿಯುತ್ತಾರೆ.

ಕರೆಂಟ್ ಹೋದಾಗ ಇದು ಕೆಲಸ ಮಾಡುವುದಿಲ್ಲ, ಗೊತ್ತಿರಲಿ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ನಿಲ್ಲುತ್ತದೆ. ಹಾಗಾಗಿ ಜನರೇಟರ್ ಮಾರಬೇಡಿ. ತಿಂಗಳ ನಿಗದಿ ಶುಲ್ಕವೂ ಇಳಿಯುವುದಿಲ್ಲ. ನಾವು ಬಳಸಿ ಉಳಿದು ಕೆಇಬಿ ಲೈನಿಗೆ ಹೋಗುವ ಯೂನಿಟ್ಟಿಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ತುಂಬ ಕಮ್ಮಿ, ಬೇಕಾದ್ದಕ್ಕಿಂತ ದೊಡ್ಡ ಪ್ಲಾಂಟ್ ಸುಮ್ನೆ ದಂಡ.

ಕಾರ್ಪಸ್ ಖಾಲಿ ಇರುವವರಿಗೆ, ಟೆರೇಸು ಹೊಸದಾಗಿ ಗಟ್ಟಿಯಾಗಿರುವವರಿಗೆ ರೆಸ್ಕೋ ಆಗಬಹುದು, ಹನ್ನೊಂದನೇ ಪುಟ ಓದಿ. ನಾಲ್ಕೇ ಮನೆಯ ಕಟ್ಟಡ, ಎಲ್ಲರಿಗೂ ದೊಡ್ಡ ಬಿಲ್ಲು ಅನ್ನುವುದಾದರೆ 78,000ದ ದಾರಿಯೇ ಸರಿ. ನಮ್ಮಂಥ ಸೊನ್ನೆ ಬಿಲ್ಲಿನ ಕಟ್ಟಡಕ್ಕೆ, ಫಂಡಿನಲ್ಲಿ ಏಳೆಂಟು ಲಕ್ಷ ಸುಮ್ನೆ ಎಫ್‌ಡಿಯಲ್ಲಿ ಮಲಗಿರುವಾಗ, ನಾನು ಬೇರೆ ಯೋಚನೆ ಮಾಡುವುದಿಲ್ಲ. ದಿನಕ್ಕೆ ಸರಾಸರಿ 80 ಯೂನಿಟ್ ಬರುತ್ತಿದೆ. ಮಳೆಗಾಲದಲ್ಲಿ ಇಳಿಯುತ್ತದೆ, ಅದನ್ನೂ ಹಿಡಿದು ಐದು ವರ್ಷದೊಳಗೆ ಹಾಕಿದ ದುಡ್ಡು ಬರಬೇಕು.

ಮಾರ್ಚಿನ ಬಿಲ್ಲು 6,870 ಬಂತು, ಮೇಲೆ ಅಸೋಸಿಯೇಷನ್ ಹೆಸರು ಸಮೇತ. ಖುಷಿಯಿಂದ ಅದರ ಜೆರಾಕ್ಸ್ ಲಿಫ್ಟಿನಲ್ಲಿ ಅಂಟಿಸಿದೆ. ಸಂಜೆ ಹೊತ್ತಿಗೆ ಯಾರೋ ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಬರೆದಿದ್ದರು: "ಮೇಂಟೆನೆನ್ಸ್ ಯಾವಾಗ ಕಮ್ಮಿ ಮಾಡ್ತೀರಾ?"